ಎಲೆಕ್ಟ್ರೋಲೈಟ್ ಪುಡಿ ಗಟ್ಟಿಯಾಗಿ ಕಲಸಿ ಕರು ಕಳೆದುಕೊಂಡೆ, ನೀವು ಹಾಗೆ ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಪುಡಿಯದ್ದಲ್ಲ, ಡಾಕ್ಟರದ್ದೂ ಅಲ್ಲ. ಎಷ್ಟು ನೀರಿಗೆ ಎಷ್ಟು ಪುಡಿ ಅಂತ ಪೊಟ್ಟಣದ ಹಿಂದೆ ಬರೆದಿತ್ತು. ಓದಿದ್ದೆ ಕೂಡ. ಓದಿಯೂ ನನ್ನ ಲೆಕ್ಕವನ್ನೇ ನಡೆಸಿದೆ.

ಒಂಬತ್ತು ದಿನದ ಹೆಣ್ಣುಗರು, 40 ಕಿಲೋ ಹತ್ತಿರ ಇತ್ತು. ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಬಾಲ, ಹಿಂಗಾಲು ಎಲ್ಲ ಹಳದಿ ಭೇದಿ ಮೆತ್ತಿಕೊಂಡಿತ್ತು. ಆದರೂ ಕರು ಚುರುಕಾಗಿಯೇ ಇತ್ತು. ನನ್ನನ್ನು ನೋಡಿ ಎದ್ದು ನಿಂತಿತು, ಬೆರಳು ಕೊಟ್ಟರೆ ಗಟ್ಟಿಯಾಗಿ ಚೀಪಿತು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುವುದು ಅದಕ್ಕೇ. ಆ ಹಂತದಲ್ಲಿ ಸರಿಯಾಗಿ ಕಲಸಿ ಕೊಟ್ಟಿದ್ದರೆ ಆ ಪುಡಿಯಿಂದಲೇ ಬಹುಶಃ ಚೇತರಿಸಿಕೊಳ್ಳುತ್ತಿತ್ತು.

ಒಂದು ಪೊಟ್ಟಣಕ್ಕೆ 2 ಲೀಟರ್ ನೀರು ಅಂತ ಇತ್ತು. ಕರು ಒಂದು ಲೀಟರ್ ಕುಡಿದು ಮುಖ ತಿರುಗಿಸಿತು. ಉಳಿದದ್ದು ಸುಮ್ನೆ ದಂಡ ಆಗುತ್ತೆ, ಅರ್ಧ ಔಷಧಿ ಅಷ್ಟೇ ಹೊಟ್ಟೆಗೆ ಹೋಯಿತಲ್ಲ ಅನ್ನಿಸಿತು. ಸರಿ, ಮಧ್ಯಾಹ್ನ ಇಡೀ ಪೊಟ್ಟಣವನ್ನು ಒಂದೇ ಲೀಟರ್‌ಗೆ ಹಾಕಿದೆ. ಪುಡಿ ಪೂರ್ತಿ ಒಳಗೆ ಹೋದರೆ ಆಯ್ತಲ್ಲ, ನೀರು ಎಷ್ಟಾದರೇನು? ಔಷಧಿ ಅಂದರೆ ಪುಡಿ, ನೀರು ಅದನ್ನು ಕರಗಿಸೋಕೆ ಅಂತಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ನಿಜ ಏನೆಂದರೆ ಅಲ್ಲಿ ನೀರೇ ಔಷಧಿ. ಭೇದಿಯಲ್ಲಿ ಕರು ಕಳೆದುಕೊಳ್ಳುವುದು ನೀರು, ಜೊತೆಗೆ ಉಪ್ಪು. ಗ್ಲೂಕೋಸ್ ಇದ್ದರೆ ಕರುಳು ಸೋಡಿಯಂ ಎಳೆದುಕೊಳ್ಳುತ್ತದೆ, ಆ ಸೋಡಿಯಂ ಹಿಂದೆಯೇ ನೀರು ಮೈಗೆ ಹೋಗುತ್ತದೆ. ಪುಡಿ ಇರುವುದು ಈ ಕೆಲಸಕ್ಕೆ.

ಇದಿಷ್ಟೇ ಆಗಿದ್ದರೆ ಬಚಾವಾಗುತ್ತಿತ್ತೋ ಏನೋ. ಇನ್ನೂ ಎರಡು ತಪ್ಪು ಮಾಡಿದೆ. ಹೊಟ್ಟೆ ಖಾಲಿ ಇದ್ದರೆ ಭೇದಿ ನಿಲ್ಲುತ್ತದೆ ಅಂದುಕೊಂಡು ಹಾಲು ನಿಲ್ಲಿಸಿದೆ. ನೀರು ಕುಡಿದರೆ ಇನ್ನೂ ಜಾಸ್ತಿ ತೆಳ್ಳಗೆ ಹೋಗುತ್ತೆ ಅಂತ ಪಕ್ಕದಲ್ಲಿದ್ದ ನೀರಿನ ಬಕೆಟ್ಟನ್ನೂ ಎತ್ತಿಟ್ಟೆ.

ಎರಡನೇ ದಿನ ಭೇದಿ ಕಡಿಮೆ ಆಗಲಿಲ್ಲ, ಇನ್ನೂ ನೀರು ನೀರಾಯಿತು. ನಾನೇನು ಮಾಡಬೇಕಿತ್ತು? ಅನುಮಾನ ಪಡಬೇಕಿತ್ತು. ಅದು ಬಿಟ್ಟು, ಡೋಸ್ ಸಾಲುತ್ತಿಲ್ಲ ಅಂತ ಮೂರು ಸಲದ ಬದಲು ನಾಲ್ಕು ಸಲ ಕೊಟ್ಟೆ. ಪ್ರತಿ ಸಲವೂ ಅದೇ ಗಟ್ಟಿ ನೀರು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದಾಗ ಗೊತ್ತಾಯಿತು. ಕರುವಿನ ರಕ್ತದಲ್ಲಿ ಸೋಡಿಯಂ ಲೀಟರ್‌ಗೆ ಸುಮಾರು 140 ಮಿಲಿಮೋಲ್ ಇರುತ್ತದೆ. ಸರಿಯಾಗಿ ಕಲಸಿದ ಕರುವಿನ ದ್ರಾವಣದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, 90ರಿಂದ 130 ಇರುತ್ತದೆ. ನೀರು ಅರ್ಧ ಮಾಡಿದ ತಕ್ಷಣ ಅದು 180, 200, 260ಕ್ಕೆ ಹೋಗುತ್ತದೆ, ಅಂದರೆ ರಕ್ತಕ್ಕಿಂತಲೂ ಉಪ್ಪು. ಇಂಥದ್ದು ಕರುಳಿಗೆ ಹೋದರೆ ಮೈಯಲ್ಲಿ ಉಳಿದಿರುವ ನೀರನ್ನೂ ಕರುಳಿನೊಳಕ್ಕೆ ಎಳೆಯುತ್ತದೆ. ಅದೇ ಹಿಂದಿನಿಂದ ಭೇದಿಯಾಗಿ ಬರುತ್ತದೆ. ಅಂದರೆ ನಾನು ಕೊಟ್ಟದ್ದರಿಂದಲೇ ಭೇದಿ ಜಾಸ್ತಿ ಆಗುತ್ತಿತ್ತು, ಅದನ್ನು ನೋಡಿ ನಾನು ಇನ್ನೂ ಜಾಸ್ತಿ ಕೊಡುತ್ತಿದ್ದೆ.

ಅವತ್ತು ಸಂಜೆಯ ಒಂದು ವಿಷಯ ಹೇಳಲೇಬೇಕು. ಕೊಟ್ಟಿಗೆ ತೊಳೆದಿದ್ದೆ. ಕರು ಗೋಡೆ ಹತ್ತಿರ ಹೋಗಿ ಒದ್ದೆ ಗೋಡೆಯನ್ನು ನೆಕ್ಕುತ್ತಾ ನಿಂತಿತ್ತು. ಆಮೇಲೆ ಪೈಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪೋಕೆ ಶುರು ಮಾಡಿತು. ಹಸಿವಾಗಿದೆ, ಹುಷಾರಾಗ್ತಿದೆ ಅಂತ ಖುಷಿಪಟ್ಟೆ ನಾನು. ಪೈಪನ್ನು ಬಾಯಿಂದ ಬಿಡಿಸಿ ಸುತ್ತಿಟ್ಟೆ. ಬಾಯಾರಿ ಸಾಯುತ್ತಿದ್ದ ಕರು ಅದು.

ಮೂರನೇ ದಿನ ಬೆಳಗ್ಗೆ ಏಳಲಿಲ್ಲ. ಎಬ್ಬಿಸಿದರೆ ತೂರಾಡಿ ಗೋಡೆಗೆ ಹೋಗಿ ತಗುಲಿಕೊಂಡಿತು. ಕಿವಿ, ತುಟಿ ಸಣ್ಣಗೆ ಅದುರುತ್ತಿದ್ದವು. ಕಣ್ಣೆದುರು ಕೈ ಆಡಿಸಿದರೂ ರೆಪ್ಪೆ ಬಡಿಯಲಿಲ್ಲ. ಆಗಲಾದರೂ ಬುದ್ಧಿ ಬಂದು ಫೋನ್ ಮಾಡಿದೆ. ಕಾಯುವ ಹೊತ್ತಿನಲ್ಲಿ, ನೀರಿಲ್ಲದೆ ಹೀಗಾಗಿದೆ ಅಂತ ಹೊಳೆದು, ಬಕೆಟ್ ತುಂಬಾ ನೀರು ತಂದೆ. ಅಷ್ಟರಲ್ಲಿ ಬಂದ ಡಾಕ್ಟರು ಬಕೆಟ್ ಕಿತ್ತುಕೊಂಡರು. ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಎರಡು ದಿನ ಉಪ್ಪಿನಲ್ಲಿ ಇದ್ದ ಮೆದುಳು ಅದಕ್ಕೆ ಹೊಂದಿಕೊಂಡಿರುತ್ತದಂತೆ. ಒಮ್ಮೆಲೇ ಬರೀ ನೀರು ಸುರಿದರೆ ಮೆದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರುತ್ತದೆ. ಹಾಗಾಗಿ ಉಪ್ಪನ್ನು ನಿಧಾನವಾಗಿಯೇ ಇಳಿಸಬೇಕು. ಅವರು ಹಾಕಿದ ಡ್ರಿಪ್‌ಗೂ ಅಳೆದು ಉಪ್ಪು ಸೇರಿಸಿದರು, ನನಗೆ ವಿಚಿತ್ರ ಅನ್ನಿಸಿತು. ರಕ್ತ ಪರೀಕ್ಷೆಗೆ ಕಳಿಸಿದ್ದರು, ಸೋಡಿಯಂ 174 ಅಂತ ಬಂತು. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಹೋಯಿತು.

ಈಗ ಏನು ಮಾಡುತ್ತೇನೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಬಕೆಟ್ ಒಳಗೆ 2 ಲೀಟರ್‌ಗೆ ಗೆರೆ ಹಾಕಿದ್ದೇನೆ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟೇ. ಪೊಟ್ಟಣ ಬದಲಾದರೆ ಮತ್ತೆ ಓದುತ್ತೇನೆ, ಎಲ್ಲದರ ಅಳತೆಯೂ ಒಂದೇ ಇರುವುದಿಲ್ಲ. ಡಬ್ಬದ ಪುಡಿಯಾದರೆ ಅದರ ಜೊತೆ ಬಂದ ಚಮಚವೇ ಬೇಕು, ಕಾಫಿ ಚಮಚದ ಅಂದಾಜು ಬೇಡ. ಕರು ಒಂದು ಲೀಟರ್ ಕುಡಿದು ಬಿಟ್ಟರೆ ಬಿಡಲಿ, ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನು ಕೊಟ್ಟರಾಯಿತು. ಪಕ್ಕದಲ್ಲಿ ಬರೀ ನೀರಿನ ಬಕೆಟ್ ಯಾವಾಗಲೂ ಇರುತ್ತದೆ.

ಹಾಲು ನಿಲ್ಲಿಸುವುದಿಲ್ಲ. ಪುಡಿಯಲ್ಲಿ ಇರುವ ಗ್ಲೂಕೋಸ್ ಕರುವಿನ ಹೊಟ್ಟೆಗೆ ಯಾವ ಮೂಲೆಗೂ ಸಾಲದು. ಎರಡು ದಿನ ಅದರ ಮೇಲೆಯೇ ಇಟ್ಟರೆ ಕರು ಉಪವಾಸ ಬೀಳುತ್ತದೆ. 40 ಕಿಲೋ ಕರುವಿಗೆ ದಿನಕ್ಕೆ 4 ಲೀಟರ್ ಹಾಲಾದರೂ ಬೇಕು, ಎಲೆಕ್ಟ್ರೋಲೈಟ್ ಅದರ ಮೇಲೆ ಹೆಚ್ಚುವರಿ. 40 ಕಿಲೋ ಕರುವಿನ ಮೈಯಲ್ಲಿ ನೂರಕ್ಕೆ 8ರಷ್ಟು ನೀರು ಇಳಿದಿದ್ದರೆ ಆಗಲೇ 3 ಲೀಟರ್‌ಗೂ ಮೇಲೆ ಸಾಲ ಇದೆ ಅಂತ ಅರ್ಥ, ಭೇದಿ ನಿಲ್ಲುವವರೆಗೆ ಹೋಗುತ್ತಲೇ ಇರುವುದು ಬೇರೆ. ಹಾಲಿಗೂ ಈ ನೀರಿಗೂ ಎರಡು ಗಂಟೆ ಅಂತರ ಇಡುತ್ತೇನೆ. ಕೆಲವು ಪುಡಿಗಳಲ್ಲಿ ಸೋಡಾ ಅಂದರೆ ಬೈಕಾರ್ಬನೇಟ್ ಇರುತ್ತದೆ, ಅದು ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಲಿಗೇ ಪುಡಿ ಉದುರಿಸುವುದಂತೂ ಬೇಡ, ಪೊಟ್ಟಣದ ಮೇಲೆ ಹಾಗಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ.

ಮನೆಯಲ್ಲೇ ಉಪ್ಪು ಸಕ್ಕರೆ ಕಲಸಿ ಕೊಟ್ಟರೆ ಆಗಲ್ವಾ ಅಂತ ಇದನ್ನು ಹೇಳಿದಾಗಲೆಲ್ಲ ಯಾರಾದರೂ ಕೇಳುತ್ತಾರೆ. ನಮಗೆ ಆಗುತ್ತೆ, ಕರುವಿಗೆ ಆಗಲ್ಲ. ಸಕ್ಕರೆ ಅರಗಿಸುವ ಕಿಣ್ವ ಕರುವಿನ ಕರುಳಿನಲ್ಲಿ ಇಲ್ಲ. ಅರಗದ ಸಕ್ಕರೆ ಕರುಳಲ್ಲೇ ಉಳಿದು ಭೇದಿ ಹೆಚ್ಚಿಸುತ್ತದೆ. ಕರುವಿಗೆ ಬೇಕಾದದ್ದು ಗ್ಲೂಕೋಸ್. ಮನುಷ್ಯರ ಓಆರ್‌ಎಸ್‌ನಲ್ಲಿ ಗ್ಲೂಕೋಸೇನೋ ಇದೆ, ಆದರೆ ಸೋಡಿಯಂ 75 ಅಷ್ಟೇ. ಭೇದಿಯಲ್ಲಿ ಕರುವಿನ ರಕ್ತ ಹುಳಿಯಾಗುತ್ತದೆ, ಅದನ್ನು ಸರಿಪಡಿಸುವಷ್ಟು ಕ್ಷಾರವೂ ಅದರಲ್ಲಿ ಇಲ್ಲ.

ದೊಡ್ಡ ಹಸುಗಳ ಬಗ್ಗೆ ಒಂದೇ ಮಾತು. ಕರು ಹಾಕಿ ಒಂದೆರಡು ದಿನದಲ್ಲಿ ಹಸು ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿಬಿಟ್ಟರೆ ಅದು ಬಹುಪಾಲು ಕ್ಯಾಲ್ಸಿಯಂ ಕೊರತೆ. ಅದಕ್ಕೆ ಪುಡಿ ಕಲಸಿ ಗೊಟ್ಟ ಹಾಕೋಕೆ ಹೋಗಬೇಡಿ. ಸರಿಯಾಗಿ ನುಂಗಲಾಗದ ಹಸುವಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಕರುವಿಗೂ ಹಾಗೆಯೇ. ಪುಡಿ ಒಡೆಯುವ ಮೊದಲು ಬೆರಳನ್ನು ಬಾಯಿಗೆ ಹಾಕಿ ನೋಡಿ. ಬಾಯಿ ಬೆಚ್ಚಗಿದ್ದು ಚೀಪಿದರೆ ಕಲಸಿ ಕೊಡಿ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಒಂದೆರಡು ಸೆಕೆಂಡಿನಲ್ಲಿ ವಾಪಸ್ ಹೋಗಬೇಕು. ಚರ್ಮ ಮಡಿಕೆಯಾಗಿ ಹಾಗೇ ನಿಂತಿದ್ದರೆ, ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಬಿದ್ದಿದ್ದರೆ, ಬಾಯಿ ತಣ್ಣಗಿದ್ದು ಬೆರಳು ಚೀಪದಿದ್ದರೆ ಪೊಟ್ಟಣ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡಿ, ಅದಕ್ಕೆ ಬೇಕಾದದ್ದು ಡ್ರಿಪ್. ಅವರು ಬಂದಾಗ ಇದುವರೆಗೆ ಎಷ್ಟು ಪುಡಿಯನ್ನು ಎಷ್ಟು ನೀರಿಗೆ ಹಾಕಿ ಕೊಟ್ಟಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ನಾನು ಮೊದಲ ಸಲ ಕೇಳಿದಾಗ ನಾಚಿಕೆಯಾಗಿ "ಎರಡು ಲೀಟರ್‌ಗೇ ಹಾಕಿದ್ದೆ" ಅಂದುಬಿಟ್ಟಿದ್ದೆ.