ಪತ್ರಾ (ತಗಡು) ಸುಡಲಿಲ್ಲ, ಪತ್ರಾದ ಹೊಟ್ಟೆ ಸುಟ್ಟಿತು

ಮುಳಶಿ, ಪಾನಶೇತ ಕಡೆ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಸುತ್ತಿರುವ ಪುಣೆ, ಮುಂಬಯಿ ಕನ್ನಡಿಗರು ಚಾವಣಿಗೆ ಮುಂಗಡ ಕೊಡುವ ಮುಂಚೆ ಇದನ್ನು ಓದಿ.

ಅಲ್ಲಿನ ಒಂದು ಫಾರ್ಮ್‌ಹೌಸ್ ಮಾರ್ಚ್ ತಿಂಗಳಲ್ಲಿ ಸುಟ್ಟುಹೋಯಿತು. ವಣವಾ, ಅಂದರೆ ಕಾಡ್ಗಿಚ್ಚು, ಮನೆಯ ತನಕ ಬರಲೇ ಇಲ್ಲ, ಹುಲ್ಲಿನ ಬೆಂಕಿ ಕೆಳಗಿನ ರಸ್ತೆಗೇ ನಿಂತಿತ್ತು. ಹಾರಿ ಬಂದದ್ದು ಬರೀ ಕಿಡಿ. ಸೂರಿನ ಮಳೆನೀರು ಹರಿಯುವ ಪಿವಿಸಿ ಗಟರಿನಲ್ಲಿ ತೇಗದ ಒಣ ಎಲೆ ತುಂಬಿತ್ತು. ಎಲೆ ಹೊತ್ತಿತು, ಗಟರು ಮೆತ್ತಗಾಗಿ ಜೋತು ಬಿತ್ತು, ಉರಿ ಸೂರಿನಂಚಿಗೆ ತಗುಲಿತು. ಅಲ್ಲಿ ಸ್ಯಾಂಡ್‌ವಿಚ್ ಪ್ಯಾನೆಲ್‌ನ ಕತ್ತರಿಸಿದ ತುದಿ ಹಾಗೇ ಬಾಯಿ ತೆರೆದುಕೊಂಡಿತ್ತು. ಮೇಲೂ ಕೆಳಗೂ ಉಕ್ಕಿನ ತಗಡು, ನಡುವೆ 50 ಮಿ.ಮೀ. ಪಫ್, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ. ತಗಡಿನ ಸಂದಿಯೊಳಗೆ ಹೊಕ್ಕ ಬೆಂಕಿಗೆ ಹೊರಗಿನಿಂದ ಎಷ್ಟು ನೀರು ಹೊಯ್ದರೂ ಮುಟ್ಟುವುದಿಲ್ಲ.

ಮಾರಿದವನು 'ಎಫ್‌ಆರ್ (ಫೈರ್ ರಿಟಾರ್ಡೆಂಟ್, ಬೆಂಕಿ ತಡೆಯುವ) ಗ್ರೇಡ್' ಎಂದಿದ್ದ. ಅದು ಸುಳ್ಳೇನಲ್ಲ, ಅರ್ಧ ಮಾತು. ಎಫ್‌ಆರ್ ಪಫ್ ಬೇಗ ಹೊತ್ತಿಕೊಳ್ಳುವುದಿಲ್ಲ ಅಷ್ಟೆ. ಉರಿ ಬಿಡದೆ ತಾಗುತ್ತಿದ್ದರೆ ಸುಡುತ್ತದೆ, ಆ ಹೊಗೆಯಲ್ಲಿ ಸಯನೈಡ್ ಅನಿಲವೂ ಇರುತ್ತದೆ.

ಪ್ಯಾನೆಲ್ಲೇ ಬೇಕೆಂದರೆ ರಾಕ್‌ವೂಲ್ ತುಂಬಿದ್ದು ಕೇಳಿ. ಕಲ್ಲು ಕರಗಿಸಿ ತೆಗೆದ ನೂಲು ಅದು, ಉರಿಯುವುದಿಲ್ಲ. ಆದರೆ ತೂಕ ಹೆಚ್ಚು. ಘನ ಮೀಟರಿಗೆ ಪಫ್ ಸುಮಾರು 40 ಕಿಲೋ, ರಾಕ್‌ವೂಲ್ 100 ಕಿಲೋ ಹಿಡಿದರೆ, 50 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 3 ಕಿಲೋ ಜಾಸ್ತಿ. ಪಫ್‌ಗೆಂದು ಹಾಕಿದ ಪರ್ಲಿನ್‌ಗಳ (ಪ್ಯಾನೆಲ್ ಹೊರುವ ಅಡ್ಡಪಟ್ಟಿಗಳ) ಅಂತರ ಇದಕ್ಕೂ ಸಾಲುತ್ತದೆಯೇ ಎಂದು ಎಂಜಿನಿಯರರಿಂದ ಲೆಕ್ಕ ಹಾಕಿಸಿ. ಇನ್ನೊಂದು, ಮುಳಶಿಯ ಮಳೆಗೆ ತುದಿಯಿಂದ ನೀರು ಹೊಕ್ಕರೆ ರಾಕ್‌ವೂಲ್ ತೊಯ್ದು ಕುಸಿಯುತ್ತದೆ. ತುದಿಗಳಿಗೆಲ್ಲ ತಗಡಿನ ಫ್ಲ್ಯಾಶಿಂಗ್ (ಅಂಚು ಮುಚ್ಚುವ ಪಟ್ಟಿ) ಬೇಕೇ ಬೇಕು. ಪ್ಯಾನೆಲ್ ಒಳಗೆ ಹೋಗಲು ಕಿಡಿಗೂ ಮಳೆಗೂ ಆ ತುದಿಯೇ ಬಾಗಿಲು.

'ನಮ್ಮದು ಮಂಗಳೂರು ಹೆಂಚು, ಮಣ್ಣು ಸುಡುತ್ತದೆಯೇ?' ಎನ್ನುವವರೂ ಇದ್ದಾರೆ. ಹೆಂಚು ಸುಡುವುದಿಲ್ಲ ನಿಜ. ಮಳೆ ಸೋರದಿರಲಿ ಎಂದು ಹೆಂಚಿನ ಅಡಿ ಹಾಸಿದ ತಾಡಪತ್ರಿ? ಒಣಗಿದ ರೀಪು? ಸಂದಿಯಲ್ಲಿ ಕಟ್ಟಿದ ಹಕ್ಕಿಗೂಡು? ಸೂರಿನ ಕೊನೆಯ ಸಾಲಿನಲ್ಲಿ ಹೆಂಚಿನ ತಗ್ಗುಗಳೆಲ್ಲ ಕಿಡಿಗೆ ದಾರಿ. ಆ ಸಾಲನ್ನು ಗಾರೆಯಿಂದ ಮುಚ್ಚಿಸಿ, ಅಡಿಗೆ ತಾಡಪತ್ರಿಯ ಬದಲು ಜಿಐ (ಸತುವು ಲೇಪಿಸಿದ ಉಕ್ಕಿನ) ತಗಡು ಹಾಕಿಸಿ. ಒಳಗಿನ ಪಿವಿಸಿ ಸೀಲಿಂಗ್ ಕೂಡ ಬೇಡ, ಫೈಬರ್ ಸಿಮೆಂಟ್ ಬೋರ್ಡ್ ಸಾಕು. ಹಳೆಯ ಆಸ್ಬೆಸ್ಟಾಸ್ ಶೀಟು ಕಾದರೆ ಸಿಡಿಯುತ್ತದೆ, ಧೂಳು ಶ್ವಾಸಕೋಶಕ್ಕೆ ವಿಷ. ಅದನ್ನು ನೀವೇ ಕಿತ್ತುಹಾಕಲು ಹೋಗಬೇಡಿ.

ಅಟ್ಟದ ಗಾಳಿಕಿಂಡಿಗೆ ನೈಲಾನ್ ಸೊಳ್ಳೆಪರದೆ ಹಾಕಿದರೆ ಕರಗಿ ತೂತು ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿಸಿ. ಕಣ್ಣು 2 ಮಿ.ಮೀ. ಮೀರಬಾರದು, ಆಸ್ಟ್ರೇಲಿಯಾದ ನಿಯಮವೂ ಇದೇ. ಕಣಿವೆಗೆ ಮುಖ ಮಾಡಿದ ದೊಡ್ಡ ಕಿಟಕಿಗೆ ಟಫನ್ಡ್ ಗಾಜು ಇರಲಿ. ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಬೇಗ ಓಡುತ್ತದೆ, ಸಾದಾ ಗಾಜು ಆ ಕಾವಿಗೆ ಒಡೆಯುತ್ತದೆ.

ಇದೆಲ್ಲ ಕ್ಯಾಲಿಫೋರ್ನಿಯಾದ ಚಿಂತೆ ಎನ್ನುವವರಿಗೆ ಒಂದು ನೆನಪು: 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದ ಬೆಂಕಿಗೆ ನೀರು ಸುರಿಯಲು ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು.

ಗೋಡೆಯ ಸುತ್ತ ಒಂದೂವರೆ ಮೀಟರು ಜಲ್ಲಿ ಅಥವಾ ಫರ್ಶಿ (ಹಾಸುಗಲ್ಲು) ಮಾತ್ರ ಇರಲಿ. ಸೌದೆ ರಾಶಿ, ತೆಂಗಿನ ಗರಿಯ ಚಪ್ಪರ, ಹಸಿರು ಶೇಡ್‌ನೆಟ್ ಯಾವುದೂ ಅಲ್ಲಿ ಬೇಡ. ಗಟರು ಜಿಐ ಅಥವಾ ಅಲ್ಯುಮಿನಿಯಂನದ್ದಾದರೂ ಎಲೆ ತೆಗೆಯುವುದು ತಪ್ಪದು: ತೇಗ ಉದುರಿದ ಮೇಲೆ ಒಮ್ಮೆ, ಹೋಳಿಯ ಹಿಂದಿನ ವಾರ ಇನ್ನೊಮ್ಮೆ.

ಕೊಟೇಶನ್ನಿನಲ್ಲಿ 'ಇನ್ಸುಲೇಟೆಡ್ ಪ್ಯಾನೆಲ್' ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಒಳಗೆ ತುಂಬಿದ್ದು ಯಾವುದು, ಸಾಂದ್ರತೆ ಎಷ್ಟು, ತುದಿ ಮುಚ್ಚುವುದು ಯಾರ ಕೆಲಸ, ಮೂರನ್ನೂ ಬರೆಸಿಕೊಳ್ಳಿ. ಮಾಲು ಬಂದ ದಿನ ಇಳಿಸುವ ಮುಂಚೆಯೇ ಒಂದು ಪ್ಯಾನೆಲ್‌ನ ತುದಿ ನೋಡಿ: ಹಳದಿ, ಒತ್ತಿದರೆ ಗಟ್ಟಿ ನೊರೆಯಂತಿದ್ದರೆ ಪಫ್, ನಾರು ನಾರಾಗಿ ಬೆರಳಿಗೆ ಚುಚ್ಚಿದರೆ ರಾಕ್‌ವೂಲ್.