ಸ್ಟೇಟ್ ಹೌಸಿಂಗ್ ಏಜೆನ್ಸಿ: ಕೆಲಸಕ್ಕೆ 4 ಸ್ಟಾರ್, ಕಾಯ್ಸೋದಕ್ಕೆ 1

ಇಲ್ಲಿ ಅಮೆರಿಕದಲ್ಲಿ ನನ್ ಜೊತೆ ಕೆಲಸ ಮಾಡೋ ಒಬ್ರು ಹೆಂಗಸು ತಮ್ಮ ಇಬ್ರು ಮಕ್ಕಳನ್ನ ಇಟ್ಕೊಂಡು ಕಾರಲ್ಲೇ ಮಲಗ್ತಿದ್ರು, ಕಡಿಮೆ ಬಾಡಿಗೆ ಮನೆಗೆ ಅವರ ಅಪ್ಲಿಕೇಶನ್ ನಾನೇ ಜೊತೆಗೆ ಕೂತು ತುಂಬಿಸ್ದೆ. ಫಾರಂನಲ್ಲಿ ಈಗಿನ ವಿಳಾಸ ಅಂತ ಒಂದು ಕಾಲಂ, ಪೆನ್ನು ಅಲ್ಲೇ ನಿಂತೋಯ್ತು, ಮನೆನೇ ಇಲ್ದೋರು ಅಲ್ಲಿ ಏನಂತ ಬರೀಬೇಕು ಹೇಳಿ? ನಂಗಂತೂ ಕರುಳು ಕಿತ್ತು ಬಂದಂಗಾಯ್ತು.

ಸ್ಕೀಮ್ ಮಾತ್ರ ನಿಜವಾಗ್ಲೂ ಒಳ್ಳೇದು. 1986ರಲ್ಲಿ ಬಂದ, ಕಡಿಮೆ ಬಾಡಿಗೆ ಮನೆ ಕಟ್ಟೋರಿಗೆ ತೆರಿಗೆ ಕಡಿಮೆ ಮಾಡೋ ಟ್ಯಾಕ್ಸ್ ಕ್ರೆಡಿಟ್‌ನ ಯಾವ ಬಿಲ್ಡರ್‌ಗೆ ಕೊಡೋದು ಅಂತ ಸ್ಟೇಟ್ ಏಜೆನ್ಸಿನೇ ತೀರ್ಮಾನ ಮಾಡುತ್ತೆ, ತಗೊಂಡೋರು ಸಾಮಾನ್ಯವಾಗಿ 30 ವರ್ಷನಾದ್ರೂ ಬಾಡಿಗೆ ಕಡಿಮೆ ಆದಾಯದೋರ ಕೈಗೆಟುಕೋ ಹಾಗೆ ಇಡ್ಬೇಕು. ಅದರ ಜೊತೆ ವೋಚರ್, ಅಂದ್ರೆ ಬಾಡಿಗೆಯಲ್ಲಿ ಒಂದು ಭಾಗ ಸರ್ಕಾರನೇ ಕಟ್ಟೋ ನೆರವು, ಸಿಕ್ರೆ ಬಾಡಿಗೆಗೆ ಆದಾಯದಲ್ಲಿ ಸುಮಾರು 30% ಮಾತ್ರ ನಾವು ಕಟ್ಟೋದು. ನಂಗೆ ತುಂಬಾ ಇಷ್ಟ ಆಗಿದ್ದು ಹೌಸಿಂಗ್ ಫಸ್ಟ್ ಪದ್ಧತಿ, ಮೊದ್ಲು ಕುಡಿತ ಬಿಡು ಆಮೇಲೆ ಮನೆ ಅನ್ನಲ್ಲ, ಮೊದ್ಲು ಬೀಗದ ಕೈ ಕೊಡ್ತಾರೆ, ತಲೆ ಮೇಲೆ ಸೂರಿದ್ರೆ ತಾನೇ ಮಿಕ್ಕಿದ್ದೆಲ್ಲಾ.

ಬೇಜಾರಿರೋದು ವೇಟಿಂಗ್ ಲಿಸ್ಟ್ ಬಗ್ಗೆ. ಹದಿನಾಲ್ಕು ತಿಂಗಳು ಕಾದ್ವಿ, ಮಧ್ಯದಲ್ಲಿ ಬಂದ ಒಂದು ಲೆಟರ್ ಹಳೇ ವಿಳಾಸಕ್ಕೆ ಹೋಗಿ ಹೆಸರೇ ತೆಗೆದುಬಿಟ್ಟಿದ್ರು, ಮತ್ತೆ ಸೇರಿಸೋಕೆ ಎಷ್ಟು ಫೋನ್, ಎಷ್ಟು ಗೋಗರೆತ! ದಯವಿಟ್ಟು ಲೆಟರ್ ಜೊತೆ ಒಂದು ಮೆಸೇಜನ್ನೂ ಕಳಿಸಿ, ಅಷ್ಟು ಸಾಕು.

ಕೀ ಸಿಕ್ಕಿದ ದಿನ ಚಿಕ್ಕೋಳು ಬಾತ್‌ರೂಮ್ ಬಾಗ್ಲಿಗೆ ಒಳಗಿಂದ ಚಿಲಕ ಹಾಕೋದು, ತೆಗೆಯೋದು, ಮತ್ತೆ ಹಾಕೋದು. ಅವರಮ್ಮ ಹೊರಗಡೆ ನಿಂತು ನೋಡ್ತಾನೇ ಇದ್ರು.