ಕಲಬುರಗಿಯ ಒಂದು ವಾದ್ಯದಂಗಡಿ: ಬರೆಯುವ ಮೊದಲು ಕೇಳಿಸಿಕೊಳ್ಳುವ ಅವಕಾಶ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಳ ಓಣಿಯೊಂದರಲ್ಲಿ ವಾದ್ಯಗಳನ್ನು ಮಾರುವ, ರಿಪೇರಿ ಮಾಡುವ ಮತ್ತು ದಿನದ ಬಾಡಿಗೆಗೆ ಕೊಡುವ ಒಂದು ಚಿಕ್ಕ ಅಂಗಡಿ ಇದೆ. ಭಜನಾ ಮಂಡಳಿಗಳಿಗೆ ಪೇಟಿ (ಹಾರ್ಮೋನಿಯಂ), ತಬಲಾ-ಡಗ್ಗಾ ಮತ್ತು ತಾಳಗಳನ್ನು ಒದಗಿಸುವುದೇ ಅದರ ಮುಖ್ಯ ವ್ಯಾಪಾರ. ಐದು ವಾದ್ಯಗಳಿಗೆಂದು ನಾನು ಬರೆಯುತ್ತಿರುವ ಹನ್ನೆರಡು ನಿಮಿಷದ ರಚನೆಯೊಂದಕ್ಕಾಗಿ ಕಳೆದ ಮೂರು ತಿಂಗಳಲ್ಲಿ ಅಲ್ಲಿಗೆ ಒಂಬತ್ತು ಸಲ ಹೋಗಿದ್ದೇನೆ. ಸಮಕಾಲೀನ ಶಾಸ್ತ್ರೀಯ ಸಂಗೀತವನ್ನು ಬರೆಯುವವರಿಗೆ ಈ ಅಂಗಡಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನನ್ನ ಅನುಭವದಿಂದ ಇಲ್ಲಿ ಬರೆದಿದ್ದೇನೆ.

ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಭಾಗದಲ್ಲಿ ಹಾಡುವವರು ಹಿಡಿಯುವ ಒಂಟಿ ತಂತಿಯ ಏಕತಾರಿ ಮತ್ತು ಚರ್ಮ ಬಿಗಿದ ತಾಳವಾದ್ಯವಾದ ದಮ್ಮಡಿಗಳ ಜೊತೆಗೆ ಬಾನ್ಸುರಿ (ಬಿದಿರಿನ ಕೊಳಲು), ವಯಲಿನ್ ಮತ್ತು ಅದೇ ಜಾತಿಯ ತಗ್ಗು ದನಿಯ ದೊಡ್ಡ ವಾದ್ಯವಾದ ಚೆಲ್ಲೊ ಸೇರಬೇಕೆಂಬುದು ನನ್ನ ಮೊದಲ ಯೋಜನೆಯಾಗಿತ್ತು. ಅಂಗಡಿಯಲ್ಲಿ ಚೆಲ್ಲೊ ಇರಲಿಲ್ಲ. ನುಡಿಸುವವರೂ ಊರಿನಲ್ಲಿ ನನಗೆ ಸಿಗಲಿಲ್ಲ. ಫ್ರೆಂಚ್ ಸಂಗೀತ ರಚನಕಾರ ಒಲಿವಿಯೆ ಮೆಸ್ಸಿಯಾನ್ 1940-41ರಲ್ಲಿ ಯುದ್ಧಕೈದಿಗಳ ಶಿಬಿರದೊಳಗೆ ತಮ್ಮ ಪ್ರಸಿದ್ಧ ಚತುರ್ವಾದ್ಯ ಕೃತಿಯನ್ನು ಕ್ಲಾರಿನೆಟ್, ವಯಲಿನ್, ಚೆಲ್ಲೊ ಮತ್ತು ಪಿಯಾನೊಗಳಿಗೆ ಬರೆದದ್ದು ಆ ವಾದ್ಯಗಳನ್ನು ನುಡಿಸುವವರು ಅಲ್ಲಿ ಇದ್ದರು ಎಂಬ ಕಾರಣದಿಂದಲೇ. ಅದನ್ನು ನೆನೆದು, ಸುಲಭವಾಗಿ ಸಿಗುವ ಪೇಟಿಯನ್ನೇ ಚೆಲ್ಲೊ ಜಾಗಕ್ಕೆ ತಂದೆ. ಅಂಗಡಿಯ ಯಜಮಾನರು ಖರ್ಜ್ (ತಗ್ಗು ದನಿಯದು) ಮತ್ತು ನರ್ (ಅದಕ್ಕಿಂತ ಮೇಲಿನ ದನಿಯದು) ಎಂಬ ಎರಡು ಸಾಲು ರೀಡುಗಳಿರುವ, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಲೋಹದ ಪಟ್ಟಿಗಳಿರುವ, ಪೇಟಿಯೊಂದನ್ನು ತೆಗೆದುಕೊಟ್ಟರು. ಖರ್ಜ್ ಸಾಲೊಂದನ್ನೇ ತೆರೆದು ನುಡಿಸಿದಾಗ ಕೆಳಗಿನ ಸ್ವರಗಳಿಗೆ ನನಗೆ ಬೇಕಾಗಿದ್ದ ತೂಕ ಬಂತು. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲವಾದ್ದರಿಂದ, ಚೆಲ್ಲೊಗೆಂದು ಬರೆದಿದ್ದ ಜಾರುವ ಸ್ವರಗಳನ್ನೆಲ್ಲ ವಯಲಿನ್ನಿಗೆ ವರ್ಗಾಯಿಸಿ ಎರಡನೆಯ ಭಾಗವನ್ನು ಪೂರ್ತಿಯಾಗಿ ತಿರುಗಿ ಬರೆಯಬೇಕಾಯಿತು. ಆ ಭಾಗ ಈಗ ಮೊದಲಿಗಿಂತ ಚೆನ್ನಾಗಿದೆ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ.

ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಅದರ ಹಿಂಬದಿಯ ಕೋಣೆ. ಐದು ಜನ ಒತ್ತಾಗಿ ಕೂರಬಹುದಾದ ಆ ಕೋಣೆಯಲ್ಲಿ, ಕೊಳ್ಳುವ ಮೊದಲು ವಾದ್ಯಗಳನ್ನು ಒಟ್ಟಿಗೆ ನುಡಿಸಿ ನೋಡಲು ಯಜಮಾನರು ಬಿಡುತ್ತಾರೆ. ಕಂಪ್ಯೂಟರಿನಲ್ಲಿ ಬಾನ್ಸುರಿಯ ಮಂದ್ರ ಸ್ವರವನ್ನು ಎಷ್ಟು ಬೇಕಾದರೂ ಜೋರು ಮಾಡಿಕೊಳ್ಳಬಹುದಾದ್ದರಿಂದ, ಪೇಟಿಯ ಎರಡೂ ಸಾಲುಗಳು ತೆರೆದಿರುವಾಗಲೂ ಬಾನ್ಸುರಿಯ ಕೆಳಗಿನ ಪಂಚಮ ಸ್ಪಷ್ಟವಾಗಿ ಕೇಳುತ್ತದೆಂದು ನಾನು ನಂಬಿದ್ದೆ. ಕೋಣೆಯಲ್ಲಿ ಅದು ಸಂಪೂರ್ಣವಾಗಿ ಮುಚ್ಚಿಹೋಯಿತು. ತಿದಿ ಒತ್ತುವುದನ್ನು ನಿಲ್ಲಿಸಿ ಏಕತಾರಿಯೊಂದನ್ನೇ ಉಳಿಸಿದ ಕೂಡಲೇ ಅದೇ ಪಂಚಮ ಕೋಣೆಯನ್ನೆಲ್ಲ ತುಂಬಿತು. ಎಳೆದಷ್ಟು ಹೊತ್ತು ನಿಲ್ಲುವ ನಾದ ಮತ್ತು ಮೀಟಿದ ಕೂಡಲೇ ಕರಗತೊಡಗುವ ನಾದ ಎದುರಾದಾಗ ಯಾವುದು ಯಾವುದಕ್ಕೆ ಜಾಗ ಬಿಡಬೇಕೆಂಬುದು ನನಗೆ ತಿಳಿದದ್ದು ಅಲ್ಲಿ, ಪುಸ್ತಕಗಳಿಂದಲ್ಲ.

ಎರಡನೆಯ ಸಮಸ್ಯೆ ಶ್ರುತಿಯದು, ಮತ್ತು ಅಂಗಡಿಯ ಕೈಚಳಕ ನನಗೆ ಪೂರ್ತಿಯಾಗಿ ಅರ್ಥವಾದದ್ದು ಇಲ್ಲಿಯೇ. ನನ್ನ ರಚನೆಯ ಷಡ್ಜ ಕಾಳಿ ಒಂದು, ಅಂದರೆ ಪೇಟಿಯ ಮೊದಲ ಕಪ್ಪು ಮನೆಯ ಸ್ವರ (ಸಿ ಶಾರ್ಪ್). ಏಕತಾರಿಯ ತಂತಿಯೊಳಗೆ ತಾನಾಗಿಯೇ ಕೇಳುವ ಗಾಂಧಾರಕ್ಕಿಂತ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಕೂಡಿಸಿದ ಪೇಟಿಯ ಶುದ್ಧ ಗಾಂಧಾರ ಸುಮಾರು 14 ಸೆಂಟ್ (ಅಂಥ ಒಂದು ಭಾಗದ ನೂರರಲ್ಲಿ ಹದಿನಾಲ್ಕು ಪಾಲು) ಮೇಲಿರುತ್ತದೆ. ಎರಡೂ ಒಟ್ಟಿಗೆ ನಿಂತಾಗ ಸೆಕೆಂಡಿಗೆ ಐದಾರು ಸಲ ನಾದ ಅದುರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಆಕಾಶವಾಣಿಯು 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಇದ್ದ ಆಕ್ಷೇಪಗಳಲ್ಲಿ ಈ ಶ್ರುತಿಯ ಪ್ರಶ್ನೆಯೂ ಒಂದು. ನನ್ನ ತೊಂದರೆಯನ್ನು ವಿವರಿಸಿದಾಗ ಯಜಮಾನರು ಸ್ವಲ್ಪ ಹೊತ್ತು ಕೇಳಿ, "ಗಂಧಾರ ಒಂದ ಕೆರೀಲೇನ್ರಿ ಸರ, ಎಲ್ಲಾ ಸುರ ಕೆರೀಲೇನ್ರಿ?" ಎಂದರು. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಅವರು ಖರ್ಜ್ ಸಾಲಿನ ಗಾಂಧಾರಗಳನ್ನಷ್ಟೇ ಬುಡದಲ್ಲಿ ಕೆರೆದು, ಏಕತಾರಿಯನ್ನು ಮೀಟುತ್ತಾ, ಅದುರು ನಿಲ್ಲುವವರೆಗೆ ತಾಳ್ಮೆಯಿಂದ ಕೂಡಿಸಿದರು. ನರ್ ಸಾಲನ್ನು ಹಾಗೆಯೇ ಬಿಟ್ಟದ್ದರಿಂದ ಎರಡನ್ನೂ ಒಟ್ಟಿಗೆ ತೆರೆದು ಗಾಂಧಾರ ನುಡಿಸುವಂತಿಲ್ಲ, ಮತ್ತು ಖರ್ಜ್ ಸಾಲು ಇನ್ನು ಬೇರೆ ಷಡ್ಜಕ್ಕೆ ಸರಿಯಾಗಿ ಒದಗುವುದಿಲ್ಲ. ಇದನ್ನು ಅವರು ಮೊದಲೇ ತಿಳಿಸಿ, ಪೇಟಿಯನ್ನು ಬಾಡಿಗೆಗೆ ಪಡೆಯದೆ ಕೊಂಡುಕೊಳ್ಳುವುದಾದರೆ ಮಾತ್ರ ಕೆಲಸಕ್ಕೆ ಕೈ ಹಾಕುವುದಾಗಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ಕೋಣೆಯಲ್ಲಿ ಏಸಿ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇದು ಕೊರತೆಯೆಂದು ಮೊದಲು ಅನ್ನಿಸಿತ್ತು. ಆದರೆ ಕೊಳವೆಯೊಳಗಿನ ಗಾಳಿ ಬಿಸಿಯಾದಂತೆ ಬಾನ್ಸುರಿಯ ಶ್ರುತಿ ಏರುತ್ತದೆ, ಒಣ ಶಾಖಕ್ಕೆ ದಮ್ಮಡಿಯ ಚರ್ಮ ಬಿಗಿಯುತ್ತದೆ, ಪೇಟಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಮಧ್ಯಾಹ್ನದ ಆ ಕೋಣೆಯಲ್ಲಿ ಈ ಅಂತರವನ್ನು ಕೇಳಿದ ಮೇಲೆ, ಬಾನ್ಸುರಿ ಮತ್ತು ಪೇಟಿ ಒಂದೇ ಸ್ವರದ ಮೇಲೆ ದೀರ್ಘವಾಗಿ ನಿಲ್ಲುವ ಕಡೆಗಳನ್ನು ತೆಗೆದುಹಾಕಿದೆ. ಅವು ಈಗ ಒಂದರ ನಂತರ ಒಂದು ಬರುತ್ತವೆ.

ಕೊರತೆಗಳನ್ನೂ ಹೇಳಬೇಕು. ಎರಡು ದಿನವೆಂದು ಒಪ್ಪಿಕೊಂಡ ಪೇಟಿಯ ಕೆಲಸಕ್ಕೆ ಆರು ದಿನ ಹಿಡಿಯಿತು, ನಡುವೆ ಫೋನ್ ಎತ್ತಲಿಲ್ಲ. ವಯಲಿನ್ ತಂತಿಗಳಲ್ಲಿ ಅಗ್ಗದ ಉಕ್ಕಿನವು ಮಾತ್ರ ಸಿಗುತ್ತವೆ. ಅವುಗಳ ಚುರುಕು ದನಿ ಏಕತಾರಿಯ ಪಕ್ಕದಲ್ಲಿ ಕಿವಿಗೆ ಚುಚ್ಚುವುದರಿಂದ ನಾನು ತಂತಿಗಳನ್ನು ಹೈದರಾಬಾದಿನಿಂದ ತರಿಸಿಕೊಂಡೆ. ಬಾನ್ಸುರಿಗಳನ್ನು ಒಂದೊಂದಾಗಿ ಊದಿಯೇ ಆರಿಸಬೇಕು: ಕಾಳಿ ಒಂದು ಎಂದು ಬರೆದಿದ್ದ ನಾಲ್ಕರಲ್ಲಿ ಎರಡು ಮಾತ್ರ ಶ್ರುತಿಗೆ ಸರಿಯಾಗಿದ್ದವು. ಸಂಜೆ ಐದರ ನಂತರ ಓಣಿಯ ಆಟೋಗಳ ಸದ್ದಿನಲ್ಲಿ ಮೆಲುದನಿಯ ಭಾಗಗಳನ್ನು ಅಳೆಯಲು ಆಗುವುದಿಲ್ಲವಾದ್ದರಿಂದ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗುವುದು ಒಳ್ಳೆಯದು.

ಕೋಣೆಗೆ ಅವರು ಬಾಡಿಗೆ ಕೇಳುವುದಿಲ್ಲ. ಆದರೂ ಪ್ರತಿ ಸಲ ಏನಾದರೊಂದನ್ನು, ಕನಿಷ್ಠ ಒಂದು ಏಕತಾರಿ ತಂತಿಯನ್ನಾದರೂ, ನಾನು ಕೊಂಡು ಬರುತ್ತೇನೆ. ಮುಂದಿನ ವಾರ ದಮ್ಮಡಿ ನುಡಿಸುವವರನ್ನು ಕರೆದುಕೊಂಡು ಹೋಗಿ ಮೂರನೆಯ ಭಾಗವನ್ನು ಅಲ್ಲಿಯೇ ಮೊದಲ ಸಲ ಕೇಳಲಿದ್ದೇನೆ.